ಚೀಲ ಇಲ್ಲದ ಮಷಿನ್ನು ಖರೆ, ಚೀಲದ ಕೆಲಸಾ ಯಾರ ಪಾಲಿಗೆ?

ದಸರಾ-ದೀಪಾವಳಿ ಸೇಲು ಶುರು ಆತಂದ್ರ ನನಗ ಬರೋ ಫೋನಿನಾಗ ಅರ್ಧಾ ಇದ ವಿಷಯದ್ದು ಇರ್ತಾವ. "ವೈನಿ, ಆ ಬ್ಯಾಗ್‌ಲೆಸ್ ವ್ಯಾಕ್ಯೂಮ್ ಕ್ಲೀನರ್ ತೊಗೋಬೇಕಂತ ಮಾಡೇವಿ. ಮೂವತ್ತು-ನಲವತ್ತು ಸಾವಿರ ಹೇಳ್ತಾರ. ಅಷ್ಟು ಕೊಡಬಹುದೇನು?" ಒಬ್ಬರಿಗೆ ಮಗಳ ಹೊಸಾ ಫ್ಲ್ಯಾಟಿಗೆ ಕೊಡೋದದ, ಇನ್ನೊಬ್ಬರಿಗೆ ಅತ್ತಿಯವರ ದಮ್ಮಿನ ಸಲುವಾಗಿ ಬೇಕಾಗ್ಯದ, ಮತ್ತೊಬ್ಬರ ಮನ್ಯಾಗ ಯಜಮಾನ್ರು ಮೊಬೈಲಿನಾಗ ವಿಡಿಯೋ ನೋಡಿ ಆಗಲೇ ಮನಸು ಮಾಡ್ಯಾರ. ಎಲ್ಲಾರ ಜೊತಿ ಒಂದೊಂದ್ ತಾಸು ಮಾತಾಡೋ ಬದ್ಲಿ ಇಲ್ಲೇ ಬರದು ಇಡ್ತೇನಿ.

ನನ್ನ ಅಭಿಪ್ರಾಯ ಮೊದಲ ಹೇಳಿಬಿಡ್ತೇನಿ, ಆಮ್ಯಾಲೆ ಕಾರಣ. ಜಾಹೀರಾತಿನವರು ಹೇಳೋದು ಪೂರಾ ಸುಳ್ಳಲ್ಲ. ಧೂಳು ತುಂಬಿದ್ರೂ ಎಳಿಯೋ ಶಕ್ತಿ ಕುಗ್ಗಂಗಿಲ್ಲ ಅನ್ನೋದು ಬಹಳಷ್ಟು ಖರೆ. ಚೀಲಾ ಕೊಳ್ಳೋ ಖರ್ಚಿಲ್ಲ ಅನ್ನೋದೂ ಖರೆ. ಆದ್ರ ಚೀಲ ಏನು ಕೆಲಸಾ ಮಾಡ್ತಿತ್ತು, ಧೂಳನ್ನ ಹಿಡದು ತನ್ನ ಹೊಟ್ಟ್ಯಾಗ ಇಟಗೊಂಡು ಹಂಗ ಡಬ್ಬಿಗೆ ಹೋಗೋದು, ಆ ಕೆಲಸಾ ಎಲ್ಲೂ ಮಾಯ ಆಗಿಲ್ಲ. ಅದು ಮನಿಯೊಳಗಿನ ಒಬ್ಬಾಕಿ ಕೈಗೆ, ಆಕಿ ಮೂಗಿಗೆ ಬಂದದ. ಜಾಹೀರಾತು ಈ ಅರ್ಧಾ ಹೇಳಂಗಿಲ್ಲ. ಆ ಅರ್ಧಾ ತಿಳಕೊಂಡು ತೊಗೊಂಡ್ರ ಏನೂ ತಕರಾರಿಲ್ಲ. ತಿಳೀದ ತೊಗೊಂಡ್ರ ಆರು ತಿಂಗಳಿಗೆ ಅದು ಅಟ್ಟಾ ಸೇರ್ತದ.

ಯಾವ ಮಷಿನ್ನಿನ ಮಾತು ಅಂತ ಸ್ಪಷ್ಟ ಆಗಲಿ. ಕ್ಯಾನಿಸ್ಟರ್ ಅಂದ್ರ ಗಾಲಿ ಮ್ಯಾಲೆ ನಮ್ಮ ಹಿಂದ ಹಿಂದ ಬರೋ ಡಬ್ಬಿ, ಅದಕ್ಕ ಆನಿ ಸೊಂಡಿಲಿನಂಥಾ ಉದ್ದನ್ನ ಪೈಪು, ಪೈಪಿನ ತುದಿಗೆ ಬ್ರಷ್ಷು. ಬ್ಯಾಗ್‌ಲೆಸ್ ಅಂದ್ರ ಒಳಗ ಕಾಗದದ್ದು ಅಥವಾ ಅರಬಿದು ಚೀಲ ಇರಂಗಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಡಬ್ಬ್ಯಾಗ ಧೂಳು ತಿರುಗೋದು ಹೊರಗಿಂದ ಕಾಣಸ್ತದ. ಮಾರೋ ಹುಡುಗುರು ತೋರಸೋದು ಇದನ್ನ. ನಿಮ್ಮ ಗಾದಿ ಮ್ಯಾಲೆ ಒಂದು ಸುತ್ತು ಎಳದು, "ನೋಡ್ರಿ ಮೇಡಂ, ನೀವು ದಿನಾ ಇದರ ಮ್ಯಾಲೆ ಮಲಗ್ತೀರಿ" ಅಂತಾರ. ನಮಗ ಹೊಟ್ಟಿ ಒಳಗ ಝುಂ ಅಂತದ. ಆದ್ರ ಯಾವ ಮಷಿನ್ನು ಹಚ್ಚಿದ್ರೂ ಯಾವ ಗಾದಿಯಿಂದಾನೂ ಧೂಳು ಬಂದ ಬರ್ತದ. ಅದು ಗಾದಿ ಪರೀಕ್ಷಾ, ಮಷಿನ್ ಪರೀಕ್ಷಾ ಅಲ್ಲ. ಎರಡು ಸಾವಿರದ ಮಷಿನ್ನಿಗೂ ನಲವತ್ತು ಸಾವಿರದ್ದಕ್ಕೂ ಏನು ಫರಕ್ ಅನ್ನೋದು ಅದರಿಂದ ತಿಳಿಯಂಗಿಲ್ಲ.

ಹಂಗ ನೋಡಿದ್ರ ಈ ಮಷಿನ್ನಿನ ಕಥಿ ಶುರು ಆಗಿದ್ದ ದಮ್ಮಿನಿಂದ. ಅಮೇರಿಕಾದ ಓಹಾಯೋ ರಾಜ್ಯದ ಕ್ಯಾಂಟನ್ ಊರಾಗ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಅಂತ ಒಬ್ಬಾಂವ ದೊಡ್ಡ ಅಂಗಡ್ಯಾಗ ಕಸಾ ಹೊಡಿಯೋ ನೌಕರಿ ಮಾಡ್ತಿದ್ದ. ಅಂವಗ ದಮ್ಮು. ಕಸಾ ಹೊಡದಂಗ ಧೂಳು ಎದ್ದು ಎದಿ ಕಟ್ಟತಿತ್ತು. ಫ್ಯಾನಿನ ಮೋಟಾರು, ಕಸಬರಿಗಿ ಹಿಡಿ, ತಲಿದಿಂಬಿನ ಗಲೀಫು, ಇಷ್ಟು ಕೂಡಿಸಿ ಒಂದು ಮಷಿನ್ ಮಾಡಿದ. ಗಲೀಫ ಅದರ ಧೂಳಿನ ಚೀಲ. 1908ರಾಗ ಅದಕ್ಕ ಪೇಟೆಂಟ್ ಸಿಕ್ತು. ಮುಂದ ಅದನ್ನ ಕೊಂಡುಕೊಂಡಾಂವ ಹೂವರ್, ಅಂವನ ಹೆಸರ ಇಂಗ್ಲೆಂಡಿನಾಗ ಇವತ್ತಿಗೂ ಮನಿ ಮಾತು. ನಾ ಇದನ್ನ ಯಾಕ ಹೇಳಿದೆ ಅಂದ್ರ, ಚೀಲ ಅನ್ನೋದು ಮಷಿನ್ನಿಗೆ ಆಮ್ಯಾಲೆ ಅಂಟಿದ ಪೀಡಾ ಅಲ್ಲ. ಧೂಳು ಮೂಗಿಗೆ ಬರಬಾರದು ಅಂತ ಹುಟ್ಟಿದ ಮಷಿನ್ನಿನಾಗ ಚೀಲದ್ದ ಮುಖ್ಯ ಕೆಲಸಾ ಇತ್ತು.

ಚೀಲಕ್ಕ ಒಂದು ದೋಷ ಇತ್ತು, ಅದನ್ನೂ ಹೇಳಬೇಕು. ಗಾಳಿ ಹೊರಗ ಹೋಗೋದು ಚೀಲದ ಸಣ್ಣ ತೂತಿನಿಂದ. ಸಣ್ಣ ಧೂಳು ಆ ತೂತು ಮುಚ್ಚಿದಂಗೆಲ್ಲಾ ಮಷಿನ್ ಎಳಿಯೋದು ಕಡಿಮಿ ಆಗ್ತದ. ಚೀಲ ಅರ್ಧಾನೂ ತುಂಬಿರಂಗಿಲ್ಲ, ಮಷಿನ್ ಮಾತ್ರ ಸುಮ್ನ ಹುಯ್ಯಂತದ. ಇಂಗ್ಲೆಂಡಿನ ಜೇಮ್ಸ್ ಡೈಸನ್‌ಗೆ ಇದ ಸಿಟ್ಟು ಬಂದದ್ದು. ಕಟಿಗಿ ಕೊಯ್ಯೋ ಮಿಲ್ಲಿನ ಮ್ಯಾಲಿನ ತಗಡಿನ ಶಂಕು ನೋಡಿ ಅಂವಗ ಉಪಾಯ ಹೊಳೀತು. ನಮ್ಮ ಕಡೆ ಅಕ್ಕಿ ಗಿರಣಿ ಮ್ಯಾಲೂ ಅಂಥಾದ್ದು ಇರ್ತದ, ದೊಡ್ಡ ಲಾಳಿಕಿ ಇದ್ದಂಗ. ಧೂಳು ತುಂಬಿದ ಗಾಳಿ ಅದರಾಗ ಸುಂಟರಗಾಳಿ ಹಂಗ ತಿರಗ್ತದ, ವಜ್ಜಿ ಇದ್ದದ್ದು ಗ್ವಾಡಿಗೆ ಬಡದು ಕೆಳಗ ಬೀಳ್ತದ, ಹಗರ ಗಾಳಿ ನಡುವಿನಿಂದ ಮ್ಯಾಲೆ ಹೋಗ್ತದ. ಅದನ್ನ ಮನಿ ಮಷಿನ್ನಿನಾಗ ಕೂಡಸ್ಲಿಕ್ಕೆ ಅಂವ 5,127 ನಮೂನಿ ಮಾಡಿದ ಅಂತ ತಾನ ಹೇಳ್ಯಾನ. ಮೊದಲ 1986ರಾಗ ಜಪಾನಿನಾಗ ಗುಲಾಬಿ ಬಣ್ಣದ್ದೊಂದು ಮಾರಾಟಕ್ಕ ಬಂತು. 1993ರಾಗ ಅಂವನ ಸ್ವಂತ ಹೆಸರಿನ ಡಿಸಿ01 ಇಂಗ್ಲೆಂಡಿನಾಗ ಬಂತು. ಎರಡು ವರ್ಷಕ್ಕ ಕ್ಯಾನಿಸ್ಟರ್ ನಮೂನಿದು ಡಿಸಿ02. "ಚೀಲಕ್ಕ ಇನ್ನ ನಮಸ್ಕಾರ" ಅನ್ನೋ ಧಾಟಿ ಜಾಹೀರಾತು ಆವಾಗಿನಿಂದ ನಡದದ. ಹಿಂದ ಎಲ್ಲಾ ಕಂಪನಿಯವರೂ ಅದ ದಾರಿ ಹಿಡದ್ರು. ಚೀಲದ ಮಷಿನ್ನಿಗೆ ಹೆಸರಾದ ಜರ್ಮನಿಯ ಮೀಲಾ ಕಂಪನಿ ಸುದ್ಧಾ ಆಮ್ಯಾಲೆ ಬ್ಲಿಝಾರ್ಡ್ ಅಂತ ಚೀಲ ಇಲ್ಲದ್ದು ಮಾಡ್ತು. ಆದ್ರ ಚೀಲದ್ದು ಮಾಡೋದು ಬಿಡಲಿಲ್ಲ. ಇದನ್ನ ನೆನಪಿನಾಗ ಇಡ್ರಿ.

ಈಗ ಒಂದೊಂದ ಮಾತು ತೂಗಿ ನೋಡೋಣು.

ಮೊದಲನೇದು, ಎಳಿಯೋ ಶಕ್ತಿ ಕುಗ್ಗಂಗಿಲ್ಲ ಅನ್ನೋದು. ಛಲೋ ಕಂಪನಿ ಮಷಿನ್ನಿನಾಗ ಇದು ನಿಜ. ಕೂದಲು, ಕಾಳು, ಮಣ್ಣಿನ ಹರಳು, ಬಟ್ಟಿ ನೂಲು ಇವೆಲ್ಲಾ ಡಬ್ಬಿ ತಳಕ್ಕ ಹೋಗಿ ಕೂಡ್ತಾವ, ಗಾಳಿ ದಾರಿ ಖುಲ್ಲಾ ಇರ್ತದ. ಆದ್ರ ಭಾಳ ಸಣ್ಣ ಧೂಳು ಸುಂಟರಗಾಳಿಗೂ ಸಿಗಂಗಿಲ್ಲ. ಅದು ಹೋಗಿ ಫಿಲ್ಟರಿಗೆ ಅಂಟ್ತದ. ಅಂದ್ರ ಚೀಲದ ತೂತು ಮುಚ್ಚೋ ಬದ್ಲಿ ಫಿಲ್ಟರಿನ ತೂತು ಮುಚ್ಚತದ, ನಿಧಾನಕ್ಕ. ಅದಕ್ಕ ತಿಂಗಳಿಗೊಮ್ಮೆ ಫಿಲ್ಟರ್ ತೊಳೀರಿ ಅಂತ ಕೈಪಿಡ್ಯಾಗ ಬರದಿರ್ತಾರ. ಹಿಟ್ಟು, ಪ್ಲಾಸ್ಟರ್ ಪುಡಿ ಇಂಥಾ ಸಣ್ಣ ಪುಡಿ ಭಾಳ ಎಳೀಬ್ಯಾಡ್ರಿ ಅಂತಾನೂ ಬರದಿರ್ತಾರ. ಇದನ್ನ ಅಂಗಡ್ಯಾಗ ಯಾರೂ ಓದಿ ಹೇಳಂಗಿಲ್ಲ.

ನಮ್ಮ ಮನಿ ಧೂಳು ಯಾವುದು ಹೇಳ್ರಿ? ಬಾಗಿಲ ಮುಂದಿನ ರಂಗೋಲಿ ಪುಡಿ. ಜ್ವಾಳದ ಹಿಟ್ಟು. ದೇವರಮನ್ಯಾಗ ಅರಿಷಿಣಾ ಕುಂಕುಮಾ, ಊದಿನಕಡ್ಡಿ ಬೂದಿ. ಮಗ್ಗಲದಾಗ ಯಾರರೆ ಮನಿ ಕಟ್ಲಿಕತ್ರ ಸಿಮೆಂಟು. ಧಾರವಾಡದ ಕೆಂಪು ಮಣ್ಣು ಬ್ಯಾಸಿಗ್ಯಾಗ ಒಂದ ದಿನಕ್ಕ ಕಪಾಟಿನ ಮ್ಯಾಲೆ ಬೆರಳಲೆ ಹೆಸರು ಬರಿಯೋವಷ್ಟು ಕೂಡ್ತದ. ಕೈಪಿಡ್ಯಾಗ ಬ್ಯಾಡ ಅಂದದ್ದೆಲ್ಲಾ ನಮ್ಮ ಮನ್ಯಾಗ ದಿನಾ ಬೀಳೋದ. ನಮ್ಮ ಮನ್ಯಾಗ ಇರೋ ಮಷಿನ್ನಿನ ಕಂಪನಿ ಹೆಸರು ಬ್ಯಾಡ, ಆದ್ರ ಗೌರಿ ಹಬ್ಬದಾಗ ರಂಗೋಲಿ ಎಳದ ಮರುದಿನ ಅದರ ಫಿಲ್ಟರ್ ನೋಡಿದ್ರ ದೋಸಿ ಹಿಟ್ಟು ಹಚ್ಚಿದಂಗ ಬಿಳೇ ಪದರ ಕೂತಿತ್ತು.

ತೊಳಿಯೋದೇನು ದೊಡ್ಡ ಮಾತಲ್ಲ, ನಳದ ಕೆಳಗ ಹಿಡದ್ರ ಆತು. ಒಣಗಸೋದದ ನೋಡ್ರಿ, ಅದು ದೊಡ್ಡ ಮಾತು. ಕಡಿಮಿ ಅಂದ್ರ 24 ತಾಸು ಪೂರಾ ಒಣಗಬೇಕು ಅಂತ ಹೇಳ್ತಾರ. ಹಸಿ ಫಿಲ್ಟರ್ ಹಾಕಿ ಚಾಲೂ ಮಾಡಿದ್ರ ನಾರ್ತದ, ಮೋಟಾರಿಗೂ ಛಲೋ ಅಲ್ಲ. ಆಷಾಢ ಶ್ರಾವಣದಾಗ ನಮ್ಮ ಕಡೆ ಅರಬಿನ ಮೂರು ದಿನಾ ಒಣಗಂಗಿಲ್ಲ, ಇನ್ನ ದಪ್ಪನ್ನ ಸ್ಪಂಜಿನ ಫಿಲ್ಟರ್ ಎಲ್ಲಿಂದ ಒಣಗಬೇಕು? ಆ ಮೂರು ದಿನಾ ಮತ್ತ ಕಸಬರಿಗಿನ ಗತಿ. ಕೊಳ್ಳೋ ಮುಂದ ಇನ್ನೊಂದು ಫಿಲ್ಟರ್ ಜೋಡಿ ತೊಗೋಬೇಕು, ಅದರ ಬೆಲಿ ಎಷ್ಟು ಅಂತ ಕೇಳಬೇಕು. ಚೀಲದ ಖರ್ಚಿಲ್ಲ ಅನ್ನೋರು ಫಿಲ್ಟರಿನ ಖರ್ಚು ಬಾಯಿ ಬಿಟ್ಟು ಹೇಳಂಗಿಲ್ಲ. ಫಿಲ್ಟರ್ ತೊಳಿಯೋದು ತ್ರಾಸಲ್ಲ ಅಂತ ಯಾರರೆ ವಾದ ಮಾಡಿದ್ರ ಒಂದ ಮಾತು ಕೇಳ್ರಿ: ಡೈಸನ್ ಕಂಪನಿಯವರ ಮುಂದ ಸಿನೆಟಿಕ್ ಅಂತ ಒಂದು ತಂದು, "ಇದಕ್ಕ ಫಿಲ್ಟರ್ ತೊಳಿಯೋದೂ ಬ್ಯಾಡ ಬದಲಿ ಮಾಡೋದೂ ಬ್ಯಾಡ" ಅಂತ ಅದನ್ನ ದೊಡ್ಡದಾಗಿ ಹೇಳಿ ಮಾರಿದ್ರು. ತ್ರಾಸ ಇರಲಾರದ್ದು ತಪ್ಪಸೇವಿ ಅಂತ ಯಾರರೆ ಜಾಹೀರಾತು ಕೊಡ್ತಾರೇನು?

ಎರಡನೇದು, ಗುಂಡಿ ಒತ್ತಿದ್ರ ಡಬ್ಬಿ ಖಾಲಿ, ಕೈಗೆ ಧೂಳು ಹತ್ತಂಗಿಲ್ಲ ಅನ್ನೋದು. ಕೈಗೆ ಹತ್ತಂಗಿಲ್ಲ, ಒಪ್ಪಿದೆ. ಗುಂಡಿ ಒತ್ತಿದ ಕೂಡಲೆ ತಳದ ಮುಚ್ಚಳಾ ತೆರದು ಧೂಳು ಭಸ್ ಅಂತ ಬೀಳ್ತದ. ಬಿದ್ದ ರಭಸಕ್ಕ ಅರ್ಧಾ ಮ್ಯಾಲೆ ಏಳ್ತದ. ಪಡಸಾಲ್ಯಾಗ, ಮಲಗೋ ಖೋಲ್ಯಾಗ, ಗಾದ್ಯಾಗ ಹಂಚಿಹೋಗಿದ್ದ ವಾರದ ಧೂಳು, ಒಂದ ಕಡೆ ಕೂಡಿಸಿ ಒಬ್ಬಾಕಿ ಮಾರಿ ಮುಂದ ಸುರುವಿದಂಗ. ಕೂದಲು ಒಳಗಿನ ಜಾಳಿಗೆ ಸುತ್ತಿರ್ತದ, ಅದನ್ನ ಬೆರಳು ಹಾಕಿ ಎಳೀಬೇಕು. ಜಾಹೀರಾತಿನಾಗ ಬಿಳೇ ಸೀರಿ ಉಟಗೊಂಡಾಕಿ ನಗ್ಕೋತ ಮಾಡೋ ಕೆಲಸಾ ಅಲ್ಲ ಅದು.

ಚೀಲದ ಪರವಾಗೂ ಪೂರಾ ಮಾತಾಡಬಾರದು. ನಮ್ಮ ಕಡೆ ಹಳೇ ಮಷಿನ್ನಿನಾಗ ಅರಬಿ ಚೀಲ ಇರ್ತಿದ್ವು. ಅವನ್ನ ಹಿತ್ತಲದಾಗ ಝಾಡಸೋದು ಇದಕ್ಕಿಂತಾ ನರಕ. 1982ರಾಗ ಯುರೇಕಾ ಫೋರ್ಬ್ಸ್ ಶುರು ಆಗಿ, ಟೈ ಕಟಗೊಂಡ ಹುಡುಗುರು ಮನಿ ಮನಿಗೆ ಬಂದು ವ್ಯಾಕ್ಯೂಮ್ ಕ್ಲೀನರ್ ತೋರಸ್ಲಿಕ್ಕೆ ಹತ್ತಿದ ಮ್ಯಾಲೆ ನಮ್ಮ ಭಾಳ ಮಂದಿಗೆ ಈ ಮಷಿನ್ನಿನ ಪರಿಚಯ ಆದದ್ದು. ಆ ಕಾಲದ ಅರಬಿ ಚೀಲಾ ಝಾಡಿಸಿದವರಿಗೆ ಬ್ಯಾಗ್‌ಲೆಸ್ ಅಂದ್ರ ಸ್ವರ್ಗ ಅನಸೋದು ಸಹಜ. ಆದ್ರ ಈಗ ಛಲೋ ಮಷಿನ್ನಿಗೆ ಬರೋ ಚೀಲ ಬ್ಯಾರೆ. ಹಲವಾರು ಪದರದ್ದು, ತೆಗಿಯೋ ಮುಂದ ಅದರ ಬಾಯಿ ತಾನ ಮುಚ್ಚತದ, ಹಂಗ ಒಯ್ದು ಕಸದ ಡಬ್ಬ್ಯಾಗ ಹಾಕಿದ್ರ ಆತು. ಹೋಲಿಸೋದಿದ್ರ ಇದರ ಜೊತಿ ಹೋಲಸಬೇಕು, ಮೂವತ್ತು ವರ್ಷದ ಹಿಂದಿನ ಅರಬಿ ಚೀಲದ ಜೊತಿ ಅಲ್ಲ. ಜಾಹೀರಾತಿನವರು ಜಾಣತನದಿಂದ ಹಳೇದರ ಜೊತಿನ ಹೋಲಸ್ತಾರ.

ಮೂರನೇದು, ಹೆಪಾ ಫಿಲ್ಟರ್. ಇದು ದೊಡ್ಡ ಮಾತು, ಅದಕ್ಕ ಬಿಡಿಸಿ ಹೇಳ್ತೇನಿ. ಹೆಪಾ ಅನ್ನೋದು ಒಂದು ದರ್ಜೆ. ಅಮೇರಿಕಾದ ಲೆಕ್ಕದಾಗ 0.3 ಮೈಕ್ರಾನ್ ಸಣ್ಣ ಕಣದಾಗ 99.97ರಷ್ಟು ಪಾಲು ಹಿಡದ್ರ ಅದು ಹೆಪಾ. ನಮ್ಮ ತಲಿಗೂದಲು ಸುಮಾರು 50ರಿಂದ 70 ಮೈಕ್ರಾನ್ ದಪ್ಪ, ಅಂದ್ರ ಲೆಕ್ಕಾ ಮಾಡ್ರಿ. ಯುರೋಪಿನ ಎಚ್13 ಅನ್ನೋ ದರ್ಜೆ 99.95. ಡಬ್ಬಿ ಮ್ಯಾಲೆ ಈ ಅಂಕಿ ಇಲ್ಲದ "ಹೆಪಾ ಟೈಪ್", "ಹೆಪಾ ಲೈಕ್" ಅಂತ ಬರದಿದ್ರ ಅದು ಹೆಪಾ ಅಲ್ಲ. ಇನ್ನ ಖರೇ ಹೆಪಾ ಇದ್ರೂ ಡಬ್ಬಿ ಸಂದಿಯಿಂದ ಗಾಳಿ ಸೋರಬಾರದು, ಎಲ್ಲಾ ಗಾಳಿ ಫಿಲ್ಟರಿನಿಂದನ ಹೋಗಬೇಕು. ಪ್ರೀಮಿಯಂ ಮಷಿನ್ನಿಗೆ ಹೆಚ್ಚಿನ ರೊಕ್ಕ ಕೊಡೋದಕ್ಕ ಏನರೆ ಗಟ್ಟಿ ಕಾರಣ ಇದ್ರ ಇದ. ರಬ್ಬರ್ ಸೀಲು ಛಲೋ ಇರ್ತಾವ, ಹಿಂದಿನಿಂದ ಬರೋ ಗಾಳಿ ಸ್ವಚ್ಛ ಇರ್ತದ. ಆದ್ರ ಹಿಂದಿನಿಂದ ಅಷ್ಟು ಸ್ವಚ್ಛ ಗಾಳಿ ಬಿಟ್ಟು, ಕಡೀಕ ಆ ಧೂಳೆಲ್ಲಾ ಗುಂಡಿ ಒತ್ತಿ ಮಾರಿ ಮುಂದ ಸುರಿವಿಕೊಳ್ಳೋದಿದ್ರ, ಹೆಪಾದಿಂದ ಆ ಸುರುವೋ ಕೈಗೆ ಏನು ಉಪಯೋಗ ಆತು?

ನನ್ನ ಖರೇ ತಕರಾರು ಇಲ್ಲೇ ಅದ. ನಮ್ಮ ಓಣ್ಯಾಗ ಈ ಮಷಿನ್ ಇರೋ ಮನಿಗೊಳಾಗ ಡಬ್ಬಿ ಖಾಲಿ ಮಾಡೋರು ಯಾರು ಅಂತ ನೋಡ್ಯೇನಿ. ಕೊಂಡವರಲ್ಲ. ಒಂದ ಸೊಸಿ, ಇಲ್ಲಾ ಕೆಲಸದಾಕಿ. "ಅತ್ತಿಯವರಿಗೆ ದಮ್ಮದ, ಧೂಳು ಆಗಂಗಿಲ್ಲ" ಅಂತ ನಲವತ್ತು ಸಾವಿರ ಹಾಕಿ ತಂದಿರ್ತಾರ. ಹಿತ್ತಲ ಬಾಗಿಲದಾಗ ಸೆರಗು ಮೂಗಿಗೆ ಕಟಗೊಂಡು ಆ ಡಬ್ಬಿ ಬಡದು ಝಾಡಸೋ ಕೆಲಸದಾಕಿಗೆ ದಮ್ಮದ ಇಲ್ಲೋ ಯಾರೂ ಕೇಳಂಗಿಲ್ಲ. ಆಕಿ ನಮ್ಮ ಮನಿ ಒಂದ ಅಲ್ಲ, ನಾಕು ಮನಿ ಮಾಡ್ತಾಳ. ನಾಕು ಮನಿ ಡಬ್ಬಿ ಧೂಳು ಆಕಿ ಒಬ್ಬಾಕಿ ಮೂಗಿಗೆ. ಮನಿಯೊಳಗಿನ ಗಾಳಿ ಸ್ವಚ್ಛ ಮಾಡೋ ಮಷಿನ್ನು ಧೂಳನ್ನ ಮನಿ ಮಂದಿಯಿಂದ ತಗದು ಆಕಿಗೆ ಕೊಟ್ಟಂಗ ಆತು. ನನಗಿದು ನ್ಯಾಯ ಅನಸಂಗಿಲ್ಲ. ಮಷಿನ್ನಿಗೆ ಅಷ್ಟು ರೊಕ್ಕ ಹಾಕೋರು ಹತ್ತು ರೂಪಾಯಿದೊಂದು ಮಾಸ್ಕು, ಒಂದು ದೊಡ್ಡ ಪ್ಲಾಸ್ಟಿಕ್ ಚೀಲಾ ಆಕಿ ಕೈಗೆ ಕೊಡ್ಲಿಕ್ಕೆ ಯಾಕ ಹಿಂದ ಮುಂದ ನೋಡಬೇಕು?

ಅದಕ್ಕೊಂದು ಸರಳ ಪದ್ಧತಿ ಅದ. ಡಬ್ಬಿ ಬಿಚ್ಚಿ ಹೊರಗ ಒಯ್ರಿ, ಒಳಗ ಬ್ಯಾಡ. ದೊಡ್ಡ ಪ್ಲಾಸ್ಟಿಕ್ ಚೀಲದಾಗ ಡಬ್ಬಿ ಪೂರಾ ಇಳಿಸಿ, ಚೀಲದ ಬಾಯಿ ಕೈಗೆ ಸುತ್ತಿ ಹಿಡದು ಆಮ್ಯಾಲೆ ಗುಂಡಿ ಒತ್ರಿ. ಕೂಡಲೆ ತಗೀಬ್ಯಾಡ್ರಿ, ಎರಡು ನಿಮಿಷ ಧೂಳು ಕೂಡಲಿ. ಹಿಂದ ನಿಧಾನಕ್ಕ ಡಬ್ಬಿ ತಗದು ಚೀಲಕ್ಕ ಗಂಟು ಹಾಕ್ರಿ. ಹೌದು, ಬ್ಯಾಗ್‌ಲೆಸ್ ಮಷಿನ್ನಿಗೂ ಕಡೀಕ ಒಂದು ಚೀಲ ಬೇಕ ಬೇಕಾತು! ದಮ್ಮು, ಅಲರ್ಜಿ ಇದ್ದವರು ಈ ಕೆಲಸಾ ಮಾಡಲೇಬಾರದು. ಮಾಡೋರು ಬ್ಯಾರೆ ಯಾರೂ ಇಲ್ಲದ ಮನಿ ಇದ್ರ, ಒಬ್ಬರ ಇರೋ ಹಿರೇರಿದ್ರ, ಸುಮ್ನ ಚೀಲದ ಮಷಿನ್ ತೊಗೋರಿ. ಇದು ನನ್ನ ಸ್ಪಷ್ಟ ಸಲಹಾ.

ನಾಕನೇದು ವ್ಯಾಟಿನ ಮಾತು. ಡಬ್ಬಿ ಮ್ಯಾಲೆ 1600, 2000 ಅಂತ ದೊಡ್ಡ ಅಕ್ಷರದಾಗ ಬರದಿರ್ತಾರ. ಅದು ಮಷಿನ್ ತಿನ್ನೋ ಕರೆಂಟು, ಎಳಿಯೋ ಶಕ್ತಿ ಅಲ್ಲ. ಹೆಚ್ಚು ಉಣ್ಣಾಂವ ಹೆಚ್ಚು ದುಡೀತಾನ ಅಂತ ಏನಿಲ್ಲಲ್ಲಾ. ಯುರೋಪಿನವರು 2014ರ ಸಪ್ಟಂಬರದಿಂದ 1600 ವ್ಯಾಟಿಗಿಂತಾ ಹೆಚ್ಚಿನ ಮಷಿನ್ ಮಾರಬಾರದು ಅಂತ ಕಾಯದೆ ಮಾಡಿದ್ರು, 2017ರಾಗ ಅದನ್ನ 900ಕ್ಕ ಇಳಿಸಿದ್ರು. ಸಪ್ಪಳಾನೂ 80 ಡೆಸಿಬಲ್ ಮೀರಬಾರದು ಅಂದ್ರು. ಮಷಿನ್ನಿನವರೇನು ಅಂಗಡಿ ಮುಚ್ಚಲಿಲ್ಲ, ಕಡಿಮಿ ಕರೆಂಟಿನಾಗ ಛಲೋ ಎಳಿಯೋದು ಮಾಡಿದ್ರು. 1600 ವ್ಯಾಟಿನದು ಅರ್ಧಾ ತಾಸಿಗೆ 0.8 ಯುನಿಟ್, 900ರದು 0.45 ಯುನಿಟ್. ಹಂಗಾಗಿ ದೊಡ್ಡ ವ್ಯಾಟ್ ನೋಡಿ ಹಿಗ್ಗೋದು ಬ್ಯಾಡ.

ಅದ ಯುರೋಪಿನಾಗ ಒಂದು ಮಜಾ ಕೋರ್ಟ್ ಕಥಿ ಆತು. ಫ್ರಿಜ್ಜಿನ ಮ್ಯಾಲೆ ನಕ್ಷತ್ರ ಹಚ್ಚತಾರಲ್ಲ, ಹಂಗ ಅಲ್ಲೆ ವ್ಯಾಕ್ಯೂಮಿಗೂ ದರ್ಜೆ ಚೀಟಿ ಹಚ್ಚತಿದ್ರು. ಪರೀಕ್ಷಾ ಮಾತ್ರ ಖಾಲಿ ಮಷಿನ್ನಿನ ಮ್ಯಾಲೆ. ಡೈಸನ್ ಕಂಪನಿ ಕೋರ್ಟಿಗೆ ಹೋತು. ಮನ್ಯಾಗ ಯಾರೂ ಖಾಲಿ ಮಷಿನ್ ನಡಸಂಗಿಲ್ಲ, ಧೂಳು ತುಂಬಿದಾಗ ಹೆಂಗ ಎಳೀತದ ಅನ್ನೋದು ನೋಡಬೇಕು ಅಂತ ವಾದ. 2018ರ ನವೆಂಬರದಾಗ ಕೋರ್ಟು ಅವರ ಮಾತು ಒಪ್ಪಿ ಆ ಚೀಟಿ ನಿಯಮಾನ ರದ್ದು ಮಾಡ್ತು. ವಾದ ಖರೇ ಬರೋಬರಿ ಇತ್ತು. ಆದ್ರ ಅದ ನ್ಯಾಯ ಅಂಗಡಿ ಡೆಮೋಕ್ಕೂ ಹತ್ತಬೇಕಲ್ಲಾ? ಅಂಗಡ್ಯಾಗ ತೋರಸೋದು ಹೊಸಾ ಮಷಿನ್ನು, ಹೊಸಾ ಫಿಲ್ಟರು, ಖಾಲಿ ಡಬ್ಬಿ. ಮೂರು ತಿಂಗಳು ತೊಳೀದ ಫಿಲ್ಟರ್ ಹಾಕಿ ತೋರಸ್ರಿ ಅಂತ ಕೇಳಿ ನೋಡ್ರಿ.

ಇನ್ನ ನಮ್ಮ ನೆಲದ ಮಾತು. ಈ ಮಷಿನ್ ಹುಟ್ಟಿದ್ದು ಗ್ವಾಡಿಯಿಂದ ಗ್ವಾಡಿಗೆ ಕಾರ್ಪೆಟ್ ಹಾಸಿದ ಮನಿ ಸಲುವಾಗಿ. ಕಾರ್ಪೆಟ್ ಒರಸ್ಲಿಕ್ಕೆ ಬರಂಗಿಲ್ಲ, ಕಸಬರಿಗಿಗೆ ಸಿಗಂಗಿಲ್ಲ. ಅಮೇರಿಕಾದಾಗ, ಇಂಗ್ಲೆಂಡಿನಾಗ ಇರೋ ನಮ್ಮ ಹುಡುಗ್ಯಾರಿಗೆ ಅದಕ್ಕ ವ್ಯಾಕ್ಯೂಮು ಇಲ್ಲದ ನಡಿಯಂಗಿಲ್ಲ. ನಾಯಿ ಬೆಕ್ಕು ಇದ್ರಂತೂ ಪ್ರೀಮಿಯಂ ತೊಗೊಂಡದ್ದು ಸಾರ್ಥಕ. ನಮ್ಮಲ್ಲೆ ಶಹಾಬಾದ್ ಫರಸಿ, ಮೊಸಾಯಿಕ್, ಟೈಲ್ಸು. ಒದ್ದಿ ಅರಬಿಲೆ ಒರಸಿದ್ರ ಸಣ್ಣ ಧೂಳೂ ಹತಗೊಂಡು ಬರ್ತದ. ಕಾರ್ಪೆಟ್ ಸಲುವಾಗಿ ಮಾಡಿದ ತಿರುಗೋ ಬ್ರಷ್ಷು ಟೈಲ್ಸ್ ಮ್ಯಾಲೆ ರವಾ, ಜ್ವಾಳದ ಕಾಳು ಎಳಿಯೋ ಬದ್ಲಿ ಆಚೆ ಈಚೆ ಹಾರಸ್ತದ. ನಮ್ಮ ಉದ್ದ ಕೂದಲು ಅದಕ್ಕ ಸುತ್ತಿಕೊಂಡು ಕತ್ರಿ ಹಿಡದು ಕೂಡಬೇಕಾಗ್ತದ. ನವಲಗುಂದದ ಜಮಖಾನಾ ಮ್ಯಾಲಂತೂ ಆ ಬ್ರಷ್ಷು ಬಿಡಬ್ಯಾಡ್ರಿ. ನವಲಗುಂದದ ಹೆಣಮಕ್ಕಳು ಕೈಲೆ ನೇದ ನೂಲು ಅದು, ತಿರುಗೋ ಬ್ರಷ್ಷು ಬಂದ್ ಮಾಡಿ ಸಾದಾ ತುದಿ ಹಚ್ಚಿ, ಶಕ್ತಿ ಕಡಿಮಿ ಇಟ್ಟು ಎಳೀರಿ.

ಹೊಸ್ತಲದ ಸುದ್ದಿ ಬ್ಯಾರೆ. ಕ್ಯಾನಿಸ್ಟರ್ ಡಬ್ಬಿ ಪ್ರತಿ ಹೊಸ್ತಲಕ್ಕೂ ಬಡದು ಮಗಚ್ತದ. ಖೋಲಿಗೊಂದು ಹೊಸ್ತಲಾ ಇರೋ ಹಳೇ ಮನ್ಯಾಗ ಒಂದ ಕೈಲೆ ಪೈಪು, ಒಂದ ಕೈಲೆ ಡಬ್ಬಿ ಎತಗೊಂಡು ತಿರಗಬೇಕು. ಆರೇಳು ಕಿಲೋ ವಜ್ಜಿ, ಮಣಕಾಲು ನೋವಿದ್ದವರಿಗೆ ಇದು ಸೇವಾ ಅಲ್ಲ, ಸಜಾ.

ಇಷ್ಟೆಲ್ಲಾ ಅಂದೆ ಅಂತ ಕಸಬರಿಗಿನ ಛಲೋ ಅಂತ ನಾ ಹೇಳಂಗಿಲ್ಲ. ಒಣಾ ಕಸಬರಿಗಿ ಸಣ್ಣ ಧೂಳನ್ನ ಗಾಳ್ಯಾಗ ಎಬ್ಬಸ್ತದ, ಅರ್ಧಾ ತಾಸಿಗೆ ಅದು ಮತ್ತ ಟೀವಿ ಮ್ಯಾಲೆ ಬಂದು ಕೂಡ್ತದ. ಬಗ್ಗಿ ಬಗ್ಗಿ ಟೊಂಕಾ ಬೀಳ್ತದ. ಗಾದಿ, ಸೋಫಾ, ಪರದೆ, ಕಿಟಕಿ ಹಳಿ, ಫ್ಯಾನು, ಪುಸ್ತಕದ ಕಪಾಟು, ಮಂಚದ ಕೆಳಗ, ಕಾರು, ಇಲ್ಲೆಲ್ಲಾ ಕಸಬರಿಗಿ ಸೋಲ್ತದ, ಮಷಿನ್ ಗೆಲ್ತದ. ನಮ್ಮಂಥಾ ಮನಿಗೆ ವ್ಯಾಕ್ಯೂಮು ನೆಲದ ಮಷಿನ್ ಅಲ್ಲ, ಗಾದಿ-ಸೋಫಾದ ಮಷಿನ್ನು. ಹಂಗ ತಿಳಕೊಂಡು ಕೊಂಡ್ರ ವಾರಕ್ಕೊಮ್ಮೆ ಖುಷಿಲೆ ತಗೀತೀರಿ. ಆ ಕೆಲಸಕ್ಕ ಮಧ್ಯಮ ಬೆಲಿದು ಧಾರಾಳ ಸಾಕು.

ರೂತ್ ಶ್ವಾರ್ಟ್ಸ್ ಕೋವನ್ ಅಂತ ಅಮೇರಿಕಾದ ಇತಿಹಾಸಕಾರ್ತಿ 1983ರಾಗ ‘ಮೋರ್ ವರ್ಕ್ ಫಾರ್ ಮದರ್’ ಅನ್ನೋ ಪುಸ್ತಕ ಬರದಾಳ. ಮನಿಗೆ ಮಷಿನ್ ಬಂದಂಗ ಹೆಣಮಕ್ಕಳ ಕೆಲಸಾ ಕಡಿಮಿ ಆಗಲಿಲ್ಲ, ಮೊದಲ ಗಂಡಸರು ಹುಡುಗುರು ಕೂಡಿ ಮಾಡ್ತಿದ್ದ ಪಾಲೂ ಆಕಿ ಒಬ್ಬಾಕಿ ತಲಿಗೆ ಬಂತು ಅನ್ನೋದು ಆಕಿ ವಾದ. ಯೋಚಿಸಿ ನೋಡ್ರಿ, ನಮ್ಮಲ್ಲೂ ಹಂಗ ಅಲ್ಲೇನು? ನವರಾತ್ರಿ ಮುಂದ ಮನಿ ಸ್ವಚ್ಛ ಮಾಡೋ ದಿನಾ ಅಂದ್ರ ಎಲ್ಲಾರೂ ಇರ್ತಿದ್ರು. ಜಮಖಾನಾ ಹೊರಗ ಒಯ್ದು ಎರಡೂ ಕಡೆ ಹಿಡದು ಝಾಡಸೋರು ಅಣ್ಣಂದ್ರು, ಏಣಿ ಏರಿ ಜೇಡರ ಬಲಿ ತಗಿಯೋರು ಕಾಕಾ. ಈಗ "ಮಷಿನ್ ಅದಲ್ಲಾ, ನೀನ ಮಾಡು" ಅಂತಾರ. ಮಷಿನ್ ಬಂದದ್ದಕ್ಕ ಏಣಿ ಹಿಡಿಯೋ ಕೈ ಕಡಿಮಿ ಆದ್ವು.

ರೊಕ್ಕದ ಲೆಕ್ಕಾ ಹಾಕೋಣು. ಒಂದು ಚೀಲಕ್ಕ 200 ರೂಪಾಯಿ ಹಿಡೀರಿ, ವರ್ಷಕ್ಕ ಆರು, ಅಂದ್ರ 1,200. ಚೀಲದ ಛಲೋ ಮಷಿನ್ನಿಗಿಂತಾ ಪ್ರೀಮಿಯಂ ಬ್ಯಾಗ್‌ಲೆಸ್ಸಿಗೆ 24,000 ಹೆಚ್ಚು ಕೊಟ್ರ, ಚೀಲದ ಉಳಿತಾಯದಿಂದ ಅದು ಮುಟ್ಟಲಿಕ್ಕೆ 20 ವರ್ಷ ಬೇಕು. ಫಿಲ್ಟರ್ ಖರ್ಚು ಬ್ಯಾರೆ. 20 ವರ್ಷ ಆ ಪೈಪು, ಆ ಪ್ಲಾಸ್ಟಿಕ್ ಕೊಂಡಿ ಬರ್ತಾವೇನು? ನಮ್ಮ ಮಷಿನ್ನಿನ ಪೈಪು ಎರಡನೇ ವರ್ಷಕ್ಕ ಸೀಳಿದಾಗ ಹುಬ್ಬಳ್ಳ್ಯಾಗ ಸಿಗಲಿಲ್ಲ, ಬೆಂಗಳೂರಿಂದ ಬರ್ಲಿಕ್ಕೆ ಒಂದೂವರಿ ತಿಂಗಳು ಹತ್ತಿತು. ಇನ್ನೊಂದು ಮಾತು, ಡೈಸನ್ ಕಂಪನಿಯವರು 2018ರಾಗ ವೈರಿನ ಮಷಿನ್ನಿನ ಹೊಸಾ ಕೆಲಸಾ ಇನ್ನ ಮುಂದ ಮಾಡಂಗಿಲ್ಲ, ಬ್ಯಾಟರಿದ ಮಾಡ್ತೇವಿ ಅಂತ ಸಾರಿದ್ರು. ಹಂಗಾಗಿ ಯಾವ ಕಂಪನಿದ ತೊಗೋರಿ, ಬಿಡಿ ಭಾಗ ಎಷ್ಟು ವರ್ಷ ಕೊಡ್ತೀರಿ ಅಂತ ಬಾಯಿ ಬಿಟ್ಟು ಕೇಳ್ರಿ. ಬ್ಯಾಟರಿ ಮಷಿನ್ನಿಗೂ ಡಬ್ಬಿ ಇದ ನಮೂನಿದು, ಇನ್ನಷ್ಟು ಸಣ್ಣದು, ಇನ್ನಷ್ಟು ಸಲ ಖಾಲಿ ಮಾಡೋದು.

ಕೊಳ್ಳೋ ಮುಂದ ಇಷ್ಟು ಕೇಳ್ರಿ. ಫಿಲ್ಟರ್ ಎಷ್ಟವ, ಒಂದೊಂದಕ್ಕ ಎಷ್ಟು ರೊಕ್ಕ? ಹೆಪಾ ದರ್ಜೆ ಅಂಕಿ ಎಲ್ಲಿ ಬರದದ? ಟೈಲ್ಸಿಗೆ ಬ್ಯಾರೆ ಬ್ರಷ್ಷು ಕೊಡ್ತಾರೋ? ನಮ್ಮ ಊರಾಗ ರಿಪೇರಿ ಆಗ್ತದೋ? ವಾರಂಟಿ ಮೋಟಾರಿಗಷ್ಟೋ, ಪೈಪಿಗೂ ಅದನೋ? ಡಬ್ಬಿ ಕೈಯಾಗ ಎತ್ತಿ ನೋಡ್ರಿ, ಅಂಗಡ್ಯಾಗ ಒಮ್ಮೆ ನೀವ ತೆರದು ಮುಚ್ರಿ. ಫೋನಿನಾಗ ಗುಂಡಿ ಒತ್ತಿ ತರಸೋಕಿಂತಾ ಹೋಗಿ ಕೈಲೆ ಮುಟ್ಟಿ ನೋಡೋದು ಯಾವಾಗಲೂ ಛಲೋ.

ಕಾರ್ಪೆಟ್ಟು, ಸಾಕಿದ ಪ್ರಾಣಿ, ಹೊರಗ ನಿಂತು ಡಬ್ಬಿ ಖಾಲಿ ಮಾಡೋ ಗಟ್ಟಿ ಆಳು ಇದ್ರ ಪ್ರೀಮಿಯಂ ಬ್ಯಾಗ್‌ಲೆಸ್ ತೊಗೋರಿ, ಹೇಳಿದ್ದು ಬಹಳಷ್ಟು ಮಾಡ್ತದ. ದಮ್ಮಿನ ಮನಿಗೆ ಚೀಲದ್ದು, ಹೆಪಾ ಇದ್ದದ್ದು. ಉಳದವರಿಗೆ ಸಾದಾದ್ದು, ವಾರಕ್ಕೊಮ್ಮೆ ಗಾದಿಗೆ ಸೋಫಾಕ್ಕ. ಮತ್ತ ಯಾರು ಇದನ್ನ ಆರ್ಡರ್ ಮಾಡಿದ್ರೋ, ಮೊದಲ ಆರು ತಿಂಗಳು ಡಬ್ಬಿ ಅವರ ಖಾಲಿ ಮಾಡಲಿ, ಫಿಲ್ಟರೂ ಅವರ ತೊಳೀಲಿ. ಆಮ್ಯಾಲೆ ಮಷಿನ್ ಹೆಂಗದ ಅಂತ ಅವರನ್ನ ಕೇಳ್ರಿ.